ಹದಿನೈದು ಗ್ರಾಮ್ ಜ್ಯೇಷ್ಠಮಧು

ಬಾಳಪ್ಪ ಮಾಸ್ತರನ ಮೊಣಕಾಲಿಗೆ ದಿನಕ್ಕೆ ಎರಡು ಗುಳಿಗೆ, ಆ ಗುಳಿಗೆ ಹೊಟ್ಟೆಯನ್ನು ಕೆಡಿಸಬಾರದೆಂದು ಇನ್ನೊಂದು. ಮೊದಲಿನ ಎರಡರ ಮೇಲೆ ಅವನಿಗೆ ಯಾವ ತಕರಾರೂ ಇರಲಿಲ್ಲ. ಇದ್ದದ್ದೆಲ್ಲ ಮೂರನೆಯದರ ಮೇಲೆ.

ಅದನ್ನು ಬರೆದುಕೊಟ್ಟವರು ಆಸ್ಟ್ರೇಲಿಯದ ವೆರಿಬಿಯ ಡಾಕ್ಟರ್ ಅರುಂಧತಿ. ಬೆಂಗಳೂರಿನವರು, ಕನ್ನಡದಲ್ಲೇ ಮಾತಾಡಿದರು. "ಅಂಕಲ್, ಈ ಕ್ಯಾಪ್ಸೂಲ್‌ನ ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ತಗೊಳ್ಳಿ. ಅರ್ಧ ಗಂಟೆ ಬಿಟ್ಟು ತಿಂಡಿ ತಿನ್ನಿ. ಇದೊಂದನ್ನ ಮಾತ್ರ ಮಿಸ್ ಮಾಡ್ಬೇಡಿ. ಪೇನ್ ಕಿಲ್ಲರ್ ಹೊಟ್ಟೇಲಿ ಹುಣ್ಣು ಮಾಡತ್ತೆ." ಬಾಳಪ್ಪ "ಆತ್ರಿ" ಎಂದು ಎದ್ದು ಬಂದ.

ಆದರೆ ಇಷ್ಟಲಿಂಗದ ಪೂಜೆ ಆಗುವವರೆಗೆ ಬಾಳಪ್ಪ ಹನಿ ನೀರನ್ನೂ ಬಾಯಿಗೆ ಹಾಕುವವನಲ್ಲ. ಹನ್ನೆರಡನೆಯ ವಯಸ್ಸಿಗೆ ದೀಕ್ಷೆ ಆದಂದಿನಿಂದ ಇದು ಒಂದು ದಿನವೂ ತಪ್ಪಿಲ್ಲ. ಸ್ನಾನ, ವಿಭೂತಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಮುಕ್ಕಾಲು ತಾಸು ಪೂಜೆ, ಅದಾದ ಕೂಡಲೇ ಮೊಮ್ಮಗ ತೇಜಸನ ಜೊತೆ ನಾಷ್ಟಾ, ಎಂಟೂಕಾಲಿಗೆ ಅವನನ್ನು ಶಾಲೆಗೆ ನಡೆಸಿಕೊಂಡು ಹೋಗುವುದು. ವಿಂಡಮ್ ವೇಲ್‌ನ ಮಗನ ಮನೆಗೆ ಬಂದ ಮೇಲೆ ಅವನಿಗಿದ್ದ ಉದ್ಯೋಗವೆಂದರೆ ಅದೊಂದೇ. ಈ ಬೆಳಗಿನಲ್ಲಿ ಕ್ಯಾಪ್ಸೂಲಿಗೆ ಅರ್ಧ ತಾಸು ಎಲ್ಲಿಂದ ತರುವುದು?

"ಪೂಜಿ ಮೊದಲ ನುಂಗಿದ್ರ ಏನಾಕ್ಕೈತ್ರಿ? ಔಷಧ ಅದು, ಅನ್ನ ಏನಲ್ಲ," ಎಂದು ಚನ್ನಕ್ಕ ಗಂಡನಿಗೆ ಹೇಳಿ ನೋಡಿದಳು.

"ಅರವತ್ತು ವರ್ಷ ತಪ್ಪಿಲ್ಲ. ಈಗ ಒಂದು ಗುಳಿಗಿ ಸಲುವಾಗಿ ತಪ್ಪಸ್ಲೇನು?"

"ಹಂಗಾರ ಡಾಕ್ಟರ್‌ಗೆ ಹೇಳ್ರಿ. ಬ್ಯಾರೆ ಹೊತ್ತಿಗೆ ಕೊಡ್ತಾರ."

"ಆಕಿ ಬೆಂಗಳೂರಾಕಿ. ಆಕಿ ಮುಂದ ಇದನ್ನೆಲ್ಲಾ ಏನಂತ ಹೇಳ್ಲಿ?"

ಹೇಳಿದ್ದರೆ ಡಾಕ್ಟರು ಸಂಜೆ ಊಟಕ್ಕೆ ಮುಂಚೆ ತಗೊಳ್ಳಿ ಎನ್ನುತ್ತಿದ್ದರು, ಅಷ್ಟೇ. ಅರ್ಧ ನಿಮಿಷದ ಮಾತು. ಮೂವತ್ತೆರಡು ವರ್ಷ ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಹುಡುಗರಿಗೆ ಕವಾಯತು ಕೂಗಿದ ಪಿ.ಟಿ. ಮಾಸ್ತರನಿಗೆ ಡಾಕ್ಟರ ಮುಂದೆ ಎರಡು ಮಾತಿಗೆ ಬಾಯಿ ಬರಲಿಲ್ಲ. ಹೀಗಾಗಿ ಕ್ಯಾಪ್ಸೂಲು ಒಂದು ದಿನ ರೊಟ್ಟಿಯ ಜೊತೆ, ಒಂದು ದಿನ ಮಧ್ಯಾಹ್ನ, ಮತ್ತೊಂದು ದಿನ ಇಲ್ಲವೇ ಇಲ್ಲ ಎಂಬಂತೆ ನಡೆಯುತ್ತಿತ್ತು. ಮಗ ಸಂಕೇತ ಕೌನ್ಸಿಲ್‌ನ ರಸ್ತೆ ವಿಭಾಗದ ಎಂಜಿನಿಯರ್. ಅಪ್ಪನ ಔಷಧ ಹೆಂಡತಿ ನೋಡಿಕೊಳ್ಳುತ್ತಾಳೆ ಅಂದುಕೊಂಡಿದ್ದ. ಹೆಂಡತಿ ಮಾಧುರಿ, ಗಂಡ ನೋಡಿಕೊಳ್ಳುತ್ತಾನೆ ಅಂದುಕೊಂಡಿದ್ದಳು.

ಮಾಧುರಿಗೆ ನೋಡಿಕೊಳ್ಳಲು ಹೊತ್ತಾದರೂ ಎಲ್ಲಿತ್ತು? ಅವಳ ಕೆಲಸ ಕ್ಲೇಟನ್‌ನ ಯೂನಿವರ್ಸಿಟಿಯಲ್ಲಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಒಂದು ರೈಲು, ಇನ್ನೊಂದು ರೈಲು, ಆಮೇಲೆ ಬಸ್ಸು. ಮನೆಗೆ ಬರುವಾಗ ಸಂಜೆ ಏಳು. ಅಡುಗೆ, ಪಾತ್ರೆ, ತೇಜಸನ ಡಬ್ಬಿ ಎಲ್ಲವೂ ಚನ್ನಕ್ಕನ ತಲೆಯ ಮೇಲೆ. ಚನ್ನಕ್ಕ ಮಾಡುತ್ತಿದ್ದಳು, ಮಾಡುತ್ತ ಅನ್ನುತ್ತಲೂ ಇದ್ದಳು.

"ಡಾಕ್ಟರ್ ಅಂತಾರ ಎಲ್ಲಾರೂ. ಇಲಿ ಡಾಕ್ಟರ್. ಇಲಿ ಹೊಟ್ಟಿ ನೋಡಾಕ ದಿನಾ ನಾಕು ತಾಸು ರೈಲಿನಾಗ ತಿರಗ್ತಾಳ."

"ಅವ್ವಾ, ಆಕಿಗೆ ಕೇಳಸ್ತೈತಿ," ಎಂದು ಸಂಕೇತ ಪಿಸುಗುಟ್ಟುತ್ತಿದ್ದ.

"ಕೇಳಲಿ. ಕೇಳಿದ್ರ ಒಂದಿನ ಹಿಟ್ಟರ ನಾದ್ಯಾಳು."

ಮಾಧುರಿಗೆ ಕೇಳಿಸುತ್ತಿತ್ತು. ಹನ್ನೊಂದು ವರ್ಷದಿಂದ ಕೇಳಿಸುತ್ತಲೇ ಇತ್ತು, ನೋವೂ ಆಗುತ್ತಿತ್ತು. ಅವಳು ಮಾಡುತ್ತಿದ್ದ ಕೆಲಸವೇನೆಂದು ಆ ಮನೆಯಲ್ಲಿ ಯಾರೂ ಕೂತು ಕೇಳಿರಲಿಲ್ಲ. ನೋವಿನ ಗುಳಿಗೆ ಕೊಟ್ಟು ಇಲಿಗಳ ಹೊಟ್ಟೆಯಲ್ಲಿ ಹುಣ್ಣು ಬರಿಸುವುದು, ಅದಕ್ಕೆ ಮುಂಚೆ ಕೆಲವು ಇಲಿಗಳಿಗೆ ಗಿಡಮೂಲಿಕೆಯ ಸತ್ವ ಕುಡಿಸುವುದು, ಆಮೇಲೆ ಯಾವುದರ ಹೊಟ್ಟೆಯಲ್ಲಿ ಎಷ್ಟು ಹುಣ್ಣು ಎಂದು ಎಣಿಸುವುದು. ಆರು ಗಿಡಗಳಲ್ಲಿ ಜ್ಯೇಷ್ಠಮಧು ಚೆನ್ನಾಗಿ ಕೆಲಸ ಮಾಡಿತ್ತು.

ನವೆಂಬರ್ ಮೊದಲ ಶನಿವಾರ ಕನ್ನಡ ಸಂಘದ ರಾಜ್ಯೋತ್ಸವ. ಹತ್ತು ನಿಮಿಷ ನಿಮ್ಮ ಸಂಶೋಧನೆಯ ಬಗ್ಗೆ ಕನ್ನಡದಲ್ಲಿ ಮಾತಾಡಿ ಎಂದು ಸಂಘದವರು ಮಾಧುರಿಯನ್ನು ಕರೆದರು. ಅವಳು ನಾಲ್ಕು ಸಂಜೆ ಕೂತು ಬರೆದಳು. ಮೊದಲ ಸಾಲಿನಲ್ಲಿ "ಇಲಿಗಳ ಮೇಲೆ ನಾವು ನಡೆಸಿದ ಪ್ರಯೋಗದಲ್ಲಿ" ಅಂದಳು. ಆಮೇಲೆ ಪ್ರತಿ ಸಾಲಿಗೂ ಇಲಿ ಇಲಿ ಎಂದರೆ ಊಟದ ಹೊತ್ತಿನಲ್ಲಿ ಚೆನ್ನಾಗಿರುವುದಿಲ್ಲ ಎಂದು ಬರೀ "ಹೊಟ್ಟೆ" ಅಂದಳು. ನಮ್ಮ ಅಜ್ಜಿಯಂದಿರ ಡಬ್ಬಿಯಲ್ಲಿದ್ದ ಜ್ಯೇಷ್ಠಮಧು ಹೊಟ್ಟೆಯನ್ನು ನೂರಕ್ಕೆ ಎಪ್ಪತ್ತು ಪಾಲು ಕಾಪಾಡಿತು ಎಂದಾಗ ಸಭಾಂಗಣದ ತುಂಬ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಹರಟುತ್ತಿದ್ದವರೂ ವೇದಿಕೆಯ ಕಡೆ ತಿರುಗಿದರು. ಬಾಳಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ. ಪಕ್ಕದಲ್ಲಿದ್ದವರಿಗೆ "ನಮ್ಮ ಸೊಸಿ" ಅಂದ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು.

ಕಾರಿನಲ್ಲಿ ಬರುವಾಗ ಚನ್ನಕ್ಕ, "ಛಲೋ ಮಾತಾಡಿದಿ," ಎಂದಳು. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಮಾಧುರಿ ಕಿಟಕಿಯ ಕಡೆ ಮುಖ ಮಾಡಿ ಸುಮ್ಮನೆ ನಕ್ಕಳು. ಆ ರಾತ್ರಿ ಅವಳಷ್ಟು ಸುಖವಾಗಿ ನಿದ್ದೆ ಮಾಡಿದವರು ಆ ಮನೆಯಲ್ಲಿ ಇರಲಿಲ್ಲ.

ಮರುದಿನವೇ ಬಾಳಪ್ಪ ಸಿಡ್ನಿಗೆ ಫೋನು ಹಚ್ಚಿದ. ಮಗಳು ಸಂಧ್ಯಾರಾಣಿ ಅಲ್ಲಿ ಪೆಂಡಲ್ ಹಿಲ್‌ನಲ್ಲಿರುವವಳು. ಮನೆಯಿಂದ ಕೆಳಗಿಳಿದರೆ ಸಾಲಾಗಿ ನಮ್ಮವರ ಅಂಗಡಿಗಳು. "ಜೇಷ್ಠಮಧು ಕಳಿಸು, ಒಂದು ಕಿಲೋ. ಮಾಧುರಿ ಶೋಧ ಮಾಡ್ಯಾಳ, ಹೊಟ್ಟಿಗೆ ಅದರಂಥಾದ್ದು ಯಾವುದೂ ಇಲ್ಲ." ಸಂಧ್ಯಾರಾಣಿ ಮೂರನೆಯ ದಿನವೇ ಪಾರ್ಸೆಲ್ ಕಳಿಸಿದಳು.

ಆ ವಾರ ಒಂದು ಸಂಜೆ ಮಾಧುರಿ ಚವಳಿಕಾಯಿ ಮುರಿಯುತ್ತ ಕೂತಿದ್ದಳು. ಭಾಷಣವಾದ ಮೇಲೆ ಸಂಜೆ ಅಡುಗೆಮನೆಯಲ್ಲಿ ಕೂರಲು ಅವಳಿಗೂ ಮನಸ್ಸಾಗುತ್ತಿತ್ತು. ಬಾಳಪ್ಪ ಎದುರಿಗೆ ಬಂದು ಕೂತ.

"ಅಲ್ಲವ್ವಾ, ಆ ಇಲಿಗೆ ಎಷ್ಟು ಕೊಡ್ತೀ ಜೇಷ್ಠಮಧು?"

ಮಾವ ತನ್ನ ಕೆಲಸದ ಬಗ್ಗೆ ಕೇಳಿದ್ದಕ್ಕೇ ಮಾಧುರಿಗೆ ಹಿಗ್ಗು. "ಒಂದು ಕಿಲೋ ತೂಕಕ್ಕ ಎರಡು ನೂರು ಮಿಲಿಗ್ರಾಮ್ ರೀ ಮಾವಾರ."

"ದಿನಕ್ಕ ಒಂದ ಸಲ?"

"ಹೂಂನ್ರಿ. ಗುಳಿಗಿ ಕೊಡೂಕಿಂತ ಮೊದಲ."

"ಸಕ್ಕರಿ, ಬೆಲ್ಲ ಏನರ?"

"ಇಲಿಗೆ ಯಾತರ ಬೆಲ್ಲರೀ ಮಾವಾರ," ಎಂದು ಮಾಧುರಿ ನಕ್ಕಳು. ಬಾಳಪ್ಪನೂ ನಕ್ಕ. ಯಾಕೆ ಕೇಳುತ್ತೀರಿ ಎಂದು ಅವಳು ಕೇಳಲಿಲ್ಲ. ಕೇಳಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ.

ಮರುದಿನ ಬಾಳಪ್ಪ ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಂತ. ಎಪ್ಪತ್ತಾರು ಕಿಲೋ. ಕಾಗದದ ಮೇಲೆ ಗುಣಿಸಿದ. ಹದಿನೈದು ಗ್ರಾಮು, ಮೇಲೆ ಚೂರು. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಚನ್ನಕ್ಕ ದಿನಾ ಹದಿನೈದು ಗ್ರಾಮ್ ಬೇರು ತೂಗಿ, ಜಜ್ಜಿ, ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಸೋಸಿ ಕೊಡತೊಡಗಿದಳು. ಪೂಜೆಯಾದ ಮೇಲೆ, ನಾಷ್ಟಾದ ಜೊತೆ. ಅರ್ಧ ತಾಸು ಕಾಯುವ ರಗಳೆ ಇಲ್ಲ. ಕ್ಯಾಪ್ಸೂಲಿನ ಡಬ್ಬಿಯನ್ನು ಬಾಳಪ್ಪ ಕಸದ ಬುಟ್ಟಿಗೆ ಹಾಕಿದ.

"ಕೇಳೂದಿಲ್ಲೇನ್ರಿ ಆಕೀನ, ಬಿಡಬೇಕೋ ಬ್ಯಾಡೋ ಅಂತ?"

"ಮುನ್ನೂರು ಮಂದಿ ಮುಂದ ನಿಂತು ಹೇಳ್ಯಾಳ. ಮತ್ತ ನನ್ನ ಕಿವ್ಯಾಗ ಬ್ಯಾರೆ ಹೇಳ್ಬೇಕೇನು?"

ಮಾಧುರಿಗೆ ಒಲೆಯ ಮೇಲೆ ಕಷಾಯ ಕಾಣಿಸಿತು, ವಾಸನೆ ಗೊತ್ತಾಯಿತು. ಕ್ಯಾಪ್ಸೂಲಿನ ಜೊತೆ ಇದನ್ನೂ ಒಂದಿಷ್ಟು ಕುಡಿಯುತ್ತಾರೆ ಅಂದುಕೊಂಡಳು. ತನ್ನ ಮಾತಿಗೆ ಮನೆಯಲ್ಲಿ ಬೆಲೆ ಬಂತೆಂದು ಖುಷಿಯೂ ಪಟ್ಟಳು. ಅವಳ ತಪ್ಪು ಎಲ್ಲಿತ್ತೆಂದು ಕೇಳಿದರೆ ನಾನು ಅಲ್ಲಿ ಬೆರಳು ಇಡುತ್ತೇನೆ, ಭಾಷಣದ ಮೇಲಲ್ಲ.

ಎರಡನೆಯ ವಾರ ಬಾಳಪ್ಪನ ಕಾಲು ಊದಿಕೊಂಡಿತು. ಸಾಕ್ಸ್ ಬಿಚ್ಚಿದರೆ ಮೀನಖಂಡದಲ್ಲಿ ಆಳವಾದ ಗೆರೆ. ಅಷ್ಟು ಜ್ಯೇಷ್ಠಮಧು ಮೈಯಲ್ಲಿ ನೀರು ತುಂಬಿಸುತ್ತದೆ, ಬಿಪಿ ಏರಿಸುತ್ತದೆ. ಇದು ಮಾಧುರಿಗೆ ಗೊತ್ತಿತ್ತು, ಮಾವನಿಗೆ ಗೊತ್ತಿರಲಿಲ್ಲ. ಮಾವ ದಿನವಿಡೀ ಪೈಜಾಮಾ ಹಾಕಿಕೊಂಡಿರುತ್ತಿದ್ದರಿಂದ ಸೊಸೆಗೆ ಕಾಲು ಕಾಣಿಸಲಿಲ್ಲ. ಮೊಣಕಾಲಿನ ಬಾವು ಇಳಿದು ಬಂದಿದೆ ಎಂದುಕೊಂಡು ಬಾಳಪ್ಪ ನೋವಿನ ಗುಳಿಗೆಯನ್ನು ಎರಡರಿಂದ ಮೂರಕ್ಕೆ ಏರಿಸಿದ. ಡಾಕ್ಟರು ಕೊಟ್ಟಿದ್ದು ಮುಗಿದರೆ ಹುಬ್ಬಳ್ಳಿಯಿಂದ ತಂದಿದ್ದವು ಇದ್ದವು.

"ಮೂರು ಯಾಕ್ರಿ?"

"ಹೊಟ್ಟಿಗೆ ಕಾವಲು ಕುಂದ್ರಿಸೀವಲ್ಲ, ಇನ್ನೇನು ಅಂಜಿಕಿ?"

ತೇಜಸನನ್ನು ಶಾಲೆಗೆ ಬಿಡುವ ದಾರಿಯಲ್ಲಿ ಬಾಳಪ್ಪ ಈಗ ಎರಡು ಕಡೆ ನಿಲ್ಲುತ್ತಿದ್ದ. ಹೊಸ ಬಡಾವಣೆ, ನೆರಳಿಗೆ ಒಂದು ಮರವಿಲ್ಲ. ಯಾರದ್ದೋ ಮನೆಯ ಕಾಂಪೌಂಡು ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದ.

"ಅಜ್ಜಾ, ವಿ ಆರ್ ಲೇಟ್ ಎಗೇನ್," ಎನ್ನುತ್ತಿದ್ದ ತೇಜಸ.

"ಬಂದೆ ತಡಿಯಪಾ. ನಿಮ್ಮ ಅವ್ವಗ ಹೇಳಬ್ಯಾಡ ನಿಂತಿದ್ದು."

"ವೈ ನಾಟ್?"

"ಶಾಲಿಗೆ ಕರಕೊಂಡು ಹೋಗೂದು ಬಿಡಿಸ್ತಾಳ."

ನವೆಂಬರ್ ಮೂರನೆಯ ವಾರದಿಂದ ಅವನಿಗೆ ಸಂಡಾಸಿಗೆ ಕಪ್ಪಗೆ ಹೋಗತೊಡಗಿತು. ಡಾಂಬರಿನಂತೆ ಕಪ್ಪು, ಅಂಟು, ಕೆಟ್ಟ ವಾಸನೆ. ನಾಲ್ಕು ದಿನ ನೋಡಿ ಹೆಂಡತಿಗೆ ಹೇಳಿದ.

"ಕಷಾಯದ ಬಣ್ಣ ಇರ್ಬೇಕು," ಎಂದಳು ಚನ್ನಕ್ಕ. ತಾನೇ ಕುದಿಸುವವಳು, ಅದರ ಬಣ್ಣ ಅವಳಿಗೆ ಗೊತ್ತಿತ್ತು. "ಆದ್ರೂ ಮಾಧುರಿಗೆ ಒಂದು ಮಾತು ಕೇಳ್ಲೇನು?"

"ಸೊಸಿ ಮುಂದ ನನ್ನ ಸಂಡಾಸದ ಸುದ್ದಿ ತಗೀತಿಯೇನು? ಬುದ್ಧಿ ಐತಿಲ್ಲೋ ನಿನಗ?"

ಚನ್ನಕ್ಕ ಒಲೆಯ ಕಡೆ ತಿರುಗಿದಳು. ಅವಳಿಗೂ ನಾಚಿಕೆಯೇ. ಮಾವನ ಹೊಟ್ಟೆಯಿಂದ ಏನು ಹೊರಟಿತು ಎಂದು ಅತ್ತೆ ಸೊಸೆ ಮಾತಾಡುವ ಪದ್ಧತಿ ಆ ಮನೆತನದಲ್ಲಿ ಇರಲಿಲ್ಲ. ಅದೇ ವಾರಗಳಲ್ಲಿ ಕ್ಲೇಟನ್‌ನಲ್ಲಿ ಮಾಧುರಿ ದಿನಾ ಬೆಳಿಗ್ಗೆ ಕೈಗವಸು ಹಾಕಿಕೊಂಡು ನಲವತ್ತೆಂಟು ಇಲಿಗಳ ಹಿಕ್ಕೆ ನೋಡಿ, ಕಪ್ಪಗಿದ್ದದ್ದನ್ನು ಬೇರೆ ತೆಗೆದು, ರಕ್ತವಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದಳು. ಅದು ಅವಳ ಕೆಲಸ.

ಡಿಸೆಂಬರ್ ಎರಡನೆಯ ಗುರುವಾರ ಸಂಕೇತ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ರೊಟ್ಟಿ, ಪುಂಡಿಪಲ್ಯ. ಬಾಳಪ್ಪ ಒಂದು ತುತ್ತು ಮುರಿದವನು ಎದ್ದು ಸಿಂಕಿನ ಹತ್ತಿರ ಹೋಗಿ ವಾಂತಿ ಮಾಡಿದ. ಕಾಫಿ ಗಸಿಯಂಥದ್ದು ಬಂತು, ಆಮೇಲೆ ಕೆಂಪು ಬಂತು. ಅಲ್ಲೇ ಕುಸಿದ. ಸಂಕೇತ ಆಂಬ್ಯುಲೆನ್ಸ್ ಕರೆದ. ಚನ್ನಕ್ಕ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕಷಾಯ ಕುಡದಾರ, ಇವತ್ತೂ ಕುಡದಾರ," ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡಿದರು. ಎರಡು ಹುಣ್ಣು, ಒಂದರಲ್ಲಿ ರಕ್ತನಾಳವೇ ತೆರೆದುಕೊಂಡಿತ್ತು. ಅಲ್ಲೇ ಕ್ಲಿಪ್ ಹಾಕಿದರು, ರಕ್ತ ಕೊಟ್ಟರು. ಮರುದಿನ ಬೆಳಿಗ್ಗೆ ಬಾಳಪ್ಪನಿಗೆ ಎಚ್ಚರವಿತ್ತು. ಎಳೆಯ ವಯಸ್ಸಿನ ಆಸ್ಟ್ರೇಲಿಯನ್ ಡಾಕ್ಟರೊಬ್ಬ ಬಂದು, ಏನೇನು ಔಷಧ ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದ. ನಡುವೆ ನಿಂತು ಎರಡೂ ಕಡೆಗೆ ಹೇಳಬೇಕಾದವಳು ಮಾಧುರಿ.

"ಮಾವಾರ, ಕ್ಯಾಪ್ಸೂಲು ದಿನಾ ತಗೋತಿದ್ರೇನು ಅಂತ ಕೇಳಾಕತ್ತಾರ್ರಿ."

"ಅದನ್ನ ಬಿಟ್ಟು ಐದು ವಾರ ಆತು," ಎಂದ ಬಾಳಪ್ಪ. ದನಿ ಬಹಳ ಸಣ್ಣಗಾಗಿತ್ತು. "ನಿನ್ನ ಔಷಧ ತಗೊಳಾಕತ್ತೀನಲ್ಲ. ಅವರಿಗೆ ಹೇಳು. ನಮ್ಮ ಸೊಸಿ ಕಂಡುಹಿಡಿದಾಳಂತ ಹೇಳು."

ಮಾಧುರಿ ಡಾಕ್ಟರ ಕಡೆ ತಿರುಗಿದಳು. ಡಾಕ್ಟರ್ ಪೆನ್ನು ಹಿಡಿದು ಕಾಯುತ್ತಿದ್ದ. ಅವಳು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಜ್ಯೇಷ್ಠಮಧು, ದಿನಕ್ಕೆ ಎಷ್ಟೆಂದು ಗೊತ್ತಿಲ್ಲ, ಐದು ವಾರ. ಇದು ನನ್ನದೇ ಸಂಶೋಧನೆ, ಇಲಿಗಳ ಮೇಲಿನದು ಎಂದೂ ಹೇಳಿದಳು. ಡಾಕ್ಟರ್ ಅವಳ ಮುಖ ನೋಡಿ ಬರೆದುಕೊಂಡ.

"ಎಷ್ಟು ತಗೋತಿದ್ರಿ ಮಾವಾರ?"

"ಬರೋಬ್ಬರಿ ಲೆಕ್ಕ ಹಾಕೀನಿ. ಕಿಲೋಕ್ಕ ಎರಡು ನೂರು. ಹದಿನೈದು ಗ್ರಾಮ್ ಆತು." ಕಣ್ಣು ಮುಚ್ಚಿಕೊಂಡೇ ಮತ್ತೆ ಹೇಳಿದ. "ತಪ್ಪು ನಂದ ಐತಿ. ನಡುವ ನಾಕು ಕಿಲೋ ತೂಕ ಏರಿದ್ದೆ. ಪ್ರಮಾಣ ಏರಿಸ್ಲಿಲ್ಲ. ನಿಂದೇನೂ ತಪ್ಪಿಲ್ಲವ್ವ."

ಆ ನಾಲ್ಕು ಕಿಲೋ ಏನೆಂದು ಮಾಧುರಿಗೆ ಗೊತ್ತಾಯಿತು. ಹೊದಿಕೆ ಸರಿಸಿ ಅವನ ಕಾಲು ನೋಡಿದಳು, ಬೆರಳಿಟ್ಟು ಒತ್ತಿದಳು. ಒತ್ತಿದಲ್ಲಿ ಕುಳಿ ಬಿತ್ತು. "ಹೌದ್ರಿ ಮಾವಾರ," ಎಂದಳು. ಹೊದಿಕೆಯನ್ನು ಮತ್ತೆ ಎಳೆದು ಮುಚ್ಚಿದಳು.

ಶನಿವಾರ ಮಧ್ಯಾಹ್ನ ಹುಣ್ಣು ಮತ್ತೆ ಒಡೆಯಿತು. ಆಪರೇಷನ್‌ಗೆ ಒಯ್ಯುವಷ್ಟರಲ್ಲಿ ಹೃದಯ ನಿಂತಿತು. ಎರಡು ದಿನದಿಂದ ಪೂಜೆಯಿಲ್ಲ, ಅದು ಅವನ ಕೊನೆಯ ಕೊರಗು. ಅದನ್ನೂ ನರ್ಸಿಗೆ ಹೇಳಿ ಒಂದು ಬಟ್ಟಲು ನೀರು ತರಿಸಿಕೊಡಬಹುದಿತ್ತು. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸಿಡ್ನಿಯಿಂದ ಸಂಧ್ಯಾರಾಣಿ ಬಂದಳು. ಊರಲ್ಲಾದರೆ ಕುಳ್ಳಿರಿಸಿ ಸಮಾಧಿ ಮಾಡುತ್ತಿದ್ದರು. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿ ಮಣ್ಣು ಮಾಡಿದರು. ಸಂಧ್ಯಾರಾಣಿ ಅಲ್ಲಿಯವರೆಗೆ ತಡೆದುಕೊಂಡಿದ್ದಳು. ಮನೆಗೆ ಬಂದು ಸ್ನಾನ ಮಾಡಿ ಹೊರಗೆ ಬಂದವಳೇ ಮಾಧುರಿಯ ಎದುರಿಗೆ ನಿಂತಳು.

"ಇಲಿ ಸಾಲ್ಲಿಲ್ಲೇನು ನಿನಗ? ನಮ್ಮ ಅಪ್ಪಾನ ಮ್ಯಾಲೆ ಮಾಡಿ ನೋಡಿದಿ?"

"ಅಕ್ಕಾ, ನನಗ ಗೊತ್ತಿರ್ಲಿಲ್ರಿ..."

"ಮನ್ಯಾಗ ಇದ್ದಾಕಿಗೆ ಗೊತ್ತಿರ್ಲಿಲ್ಲ. ಒಲಿ ಮ್ಯಾಲೆ ದಿನಾ ಕುದೀತಿತ್ತು, ಗೊತ್ತಿರ್ಲಿಲ್ಲ. ಸ್ಟೇಜ್ ಮ್ಯಾಲೆ ನಿಂತು ಮಾತಾಡೂದು ಗೊತ್ತಿತ್ತು."

"ಸಂಧ್ಯಾ, ಸಾಕು," ಎಂದ ಸಂಕೇತ. ಅವನ ದನಿಯಲ್ಲಿ ಜೋರಿರಲಿಲ್ಲ. ಅವನು ಹೆಂಡತಿಯ ಪಕ್ಕಕ್ಕೂ ಬಂದು ನಿಲ್ಲಲಿಲ್ಲ.

"ನಾ ಕಳಿಸಿದ ಬೇರು ಅದು. ನನ್ನ ಕೈಯಿಂದ ಪಾರ್ಸೆಲ್ ಮಾಡಿಸಿದಿ," ಎಂದು ಸಂಧ್ಯಾರಾಣಿ ಅತ್ತಳು. ಚನ್ನಕ್ಕ ಗೋಡೆಗೆ ಒರಗಿ ಕೂತಿದ್ದಳು. ಮಗಳನ್ನು ತಡೆಯಲೂ ಇಲ್ಲ, ಹೌದೆನ್ನಲೂ ಇಲ್ಲ.

ಸಂಧ್ಯಾರಾಣಿ ಸಿಡ್ನಿಗೆ ಮರಳಿದ ಮೇಲೂ ದಿನಾ ಫೋನು ಮಾಡುತ್ತಿದ್ದಳು. ಸ್ಪೀಕರಿನಲ್ಲಿ ಬೈಗುಳ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಅವ್ವನನ್ನು ಇನ್ನು ಆ ಮನೆಯಲ್ಲಿ ಬಿಡುವುದಿಲ್ಲ, ಸೋಮವಾರದ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿದ್ದೇನೆ ಅಂದಳು. ಸಂಕೇತ ಆತು ಅಂದ. ಮಾಧುರಿ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದಳು. ದಿನಾ ಹಿಟ್ಟು ನಾದುತ್ತಿದ್ದಳು. ಯಾರೂ ಎರಡನೆಯ ರೊಟ್ಟಿ ಕೇಳುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಸಂಕೇತ ಆಫೀಸಿನಲ್ಲಿ, ತೇಜಸ ಗೆಳೆಯನ ಮನೆಯಲ್ಲಿ. ಚನ್ನಕ್ಕ ಸೀರೆಗಳನ್ನು ಮಡಿಚಿ ಬ್ಯಾಗಿಗೆ ಹಾಕುತ್ತಿದ್ದಳು. ಮಾಧುರಿ ಚಹಾ ತಂದಿಟ್ಟಳು.

"ಕುಂದ್ರು," ಎಂದಳು ಚನ್ನಕ್ಕ. "ಒಂದು ಕೇಳ್ತೀನಿ. ನಿಜ ಹೇಳು."

"ಕೇಳ್ರಿ ಅತ್ತಿ."

"ಸಂಡಾಸಕ್ಕ ಕಪ್ಪು ಹೋದ್ರ ಅದು ಕಷಾಯದ ಬಣ್ಣ ಅಲ್ಲ, ಹೌದಿಲ್ಲೋ?"

ಮಾಧುರಿ ತಿರುಗಿ ಕೇಳಿದಳು. "ಎಷ್ಟು ದಿನದಿಂದ ಹೋಗ್ತಿತ್ರಿ?"

"ಮೂರು ವಾರ. ನನಗ ಹೇಳಿದ್ರು. ನಿನಗ ಹೇಳಬ್ಯಾಡ ಅಂದ್ರು. ನನಗೂ ನಿನ್ನ ಮುಂದ ಅದನ್ನ ಹೆಂಗ ಹೇಳೂದು ಅನಿಸ್ತು." ಚನ್ನಕ್ಕ ಕೈಯಲ್ಲಿದ್ದ ಸೀರೆಯನ್ನು ಮತ್ತೊಮ್ಮೆ ಬಿಚ್ಚಿ ಮಡಿಚಿದಳು. "ಎರಡು ಸಲ ನಿನ್ನ ಖೋಲಿ ಬಾಗಲ ತನಕಾ ಬಂದು ತಿರಿಗಿ ಹೋದೆ. ಆಗ ಹೇಳಿದ್ರ ಉಳೀತಿದ್ರೇನು?"

ಯಾರಿಗೆ ಗೊತ್ತು ಅತ್ತಿ, ಅವರ ಆಯುಷ್ಯ ಅಷ್ಟೇ ಇತ್ತು ಅನ್ನಬಹುದಿತ್ತು. ಮಣ್ಣಿಗೆ ಬಂದವರೆಲ್ಲ ಹಾಗೇ ಅಂದಿದ್ದರು. ಮಾಧುರಿಗೂ ಹಾಗೆ ಹೇಳಿ ಮುಗಿಸಬೇಕೆನಿಸಿತು. ಆದರೆ ಕೇಳುವವರಿಗೆ ಹಿತವಾಗಲೆಂದು ಮಾತನ್ನು ಅರ್ಧಕ್ಕೆ ಬಿಟ್ಟು ಏನಾಯಿತೆಂದು ಅವಳು ಕಂಡಿದ್ದಳು.

"ಉಳೀತಿದ್ರು ಅತ್ತಿ," ಎಂದಳು.

ಚನ್ನಕ್ಕ ಅಳಲಿಲ್ಲ. ತಲೆಯಾಡಿಸಿದಳು, ಚಹಾದ ಬಟ್ಟಲನ್ನು ದೂರ ಸರಿಸಿದಳು. ಹೊರಗೆ ಯಾರದ್ದೋ ಮನೆ ಕಟ್ಟುವ ಸದ್ದು ಬರುತ್ತಿತ್ತು. ಅವಳು ಸೊಸೆಯ ಕೈ ಹಿಡಿದಳು.

"ಸಂಧ್ಯಾಗ ಇದನ್ನ ಹೇಳಬ್ಯಾಡ."

ಮಾಧುರಿ ಅವಳ ಮುಖ ನೋಡಿದಳು.

"ಸ್ವಾಮಾರದಿಂದ ನಾ ಆಕಿ ಮನ್ಯಾಗ ಇರ್ಬೇಕು. ಗೊತ್ತಾದ್ರ ಆಕಿ ನನ್ನ ಮಾರಿ ನೋಡೂದಿಲ್ಲ. ಇಲ್ಲಿ ನನಗ ಹೆಂಗೂ ಇರಾಕಾಗೂದಿಲ್ಲ, ಅಲ್ಲೂ ಇಲ್ಲಂದ್ರ ಎಲ್ಲಿ ಹೋಗ್ಲಿ?" ಚನ್ನಕ್ಕನ ಹಿಡಿತ ಬಿಗಿಯಾಯಿತು. "ನಿನಗ ಹೆಂಗೂ ಬೈಯಾಕತ್ತಾಳ. ಬೈದ್ರ ಬೈಲಿ. ಹಂಗ ಇರ್ಲಿ."

"ಆತ್ರಿ ಅತ್ತಿ," ಎಂದಳು ಮಾಧುರಿ.